ಮೀಸೆ ಮೂಡಿದರೆ ಗಾಬರಿ ಬೇಡ, ಹೊಟ್ಟೆ ಬತ್ತಿದರೆ ಬೇಕು

ನವಿ ಮುಂಬಯಿಯ ಮಹಾಪೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಂಪನಿಗಳ ರಿಸೆಪ್ಷನ್‌ನಲ್ಲಿ, ಘನ್ಸೋಲಿ–ಕೋಪರ್‌ಖೈರಣೆಯ ಫ್ಲ್ಯಾಟುಗಳ ಹಾಲ್‌ನಲ್ಲಿ, ಠಾಣೆ–ಬೇಲಾಪುರ ರಸ್ತೆ ಬದಿಯ ನಮ್ಮವರ ಹೋಟೆಲುಗಳ ಗಲ್ಲಾದ ಪಕ್ಕದಲ್ಲಿ, ಅಕ್ವೇರಿಯಂ ಇದ್ದಲ್ಲೆಲ್ಲ ಗಾಜಿಗೆ ಬಾಯಿ ಕಚ್ಚಿ ನಿಂತ ಒಂದು ಕಂದು ಮೀನು ಇದ್ದೇ ಇರುತ್ತದೆ. ಅಂಗಡಿಯವರು ಅದನ್ನು ‘ಸಕ್ಕರ್’ ಎನ್ನುತ್ತಾರೆ. ಕೊಳ್ಳುವವರಿಗೆ ಅದು ತೊಟ್ಟಿ ತೊಳೆಯುವ ಕೆಲಸದಾಳು. ಬಣ್ಣವಿಲ್ಲ, ಓಡಾಟವಿಲ್ಲ, ಹಗಲಿನ ಬಹುಪಾಲು ಕಲ್ಲಿನ ಸಂದಿಯಲ್ಲೋ ಮರದ ತುಂಡಿನ ಕೆಳಗೋ ಅಡಗಿರುತ್ತದೆ. ಹಾಗಾಗಿ ಅದರ ಕಡೆ ಯಾರೂ ಹೆಚ್ಚು ನೋಡುವುದಿಲ್ಲ. ನೋಡುವುದು ಏನಾದರೂ ವಿಚಿತ್ರ ಕಂಡಾಗ ಮಾತ್ರ.

ಆ ವಿಚಿತ್ರ ಸಾಮಾನ್ಯವಾಗಿ ಮೂತಿಯ ಮೇಲೆ ಕಾಣಿಸುತ್ತದೆ. ತಂದ ಕೆಲವು ತಿಂಗಳಿಗೆ ಮೂತಿಯ ಅಂಚಿನಲ್ಲಿ ಸಣ್ಣ ಮೊಳಕೆಗಳು ಎದ್ದು, ನೋಡನೋಡುತ್ತ ಉದ್ದವಾಗಿ, ಕವಲೊಡೆದು ಮುಖದ ತುಂಬ ಹರಡುತ್ತವೆ. ಬೂಸ್ಟು ಹಿಡಿಯಿತೋ, ಹುಳ ಅಂಟಿತೋ, ಗಡ್ಡೆಯೋ ಎಂದು ಮನೆಯವರಿಗೆ ದಿಗಿಲು. ಅಂಗಡಿಯಿಂದ ನೀಲಿ ಔಷಧದ ಬಾಟಲಿ ಬರುತ್ತದೆ, ತೊಟ್ಟಿಯ ನೀರೆಲ್ಲ ನೀಲಿಯಾಗುತ್ತದೆ. ಮೀನಿಗೆ ಮಾತ್ರ ಯಾವ ಕಾಯಿಲೆಯೂ ಇರುವುದಿಲ್ಲ. ಅದು ಗಂಡು, ಪ್ರಾಯಕ್ಕೆ ಬಂದಿದೆ, ಅಷ್ಟೆ.

ಇದೇ ಮೀನಿನ ಹೊಟ್ಟೆ ಮೂರು ವಾರದಿಂದ ಒಳಗೆ ಸೇರುತ್ತಾ ಬಂದಿದ್ದರೆ ಅದನ್ನು ಗಮನಿಸುವವರು ಕಡಿಮೆ. ಬ್ರಿಸಲ್‌ನೋಸ್ ಎಂಬ ಈ ಮೀನನ್ನು ಸಾಕುವುದರಲ್ಲಿ ಇರುವ ಮುಖ್ಯ ತೊಡಕು ಇದೇ. ಅದರ ಮೈಮೇಲೆ ಕಣ್ಣಿಗೆ ಹೊಡೆಯುವ ಬದಲಾವಣೆಗಳು ಬಹುಮಟ್ಟಿಗೆ ಆರೋಗ್ಯದ ಲಕ್ಷಣಗಳು. ನಿಜವಾದ ಕಾಯಿಲೆ ಮೈಯ ಅಡಿಭಾಗದಲ್ಲಿ, ಕಣ್ಣಿನ ಗುಳಿಯಲ್ಲಿ, ಉಸಿರಿನ ವೇಗದಲ್ಲಿ ಸದ್ದಿಲ್ಲದೆ ಶುರುವಾಗುತ್ತದೆ. ಹಾಗೆ ಶುರುವಾದ ಕಾಯಿಲೆಯ ಬೇರನ್ನು ಹುಡುಕಿದರೆ ಹೆಚ್ಚಿನ ಸಲ ಸಿಗುವುದು ನೀರಿನಲ್ಲಿ.

ಗಂಡಿನ ಮೀಸೆ, ತಂದೆಯ ಜಾಹೀರಾತು

ಬ್ರಿಸಲ್‌ನೋಸ್ ದಕ್ಷಿಣ ಅಮೆರಿಕದ ಮೀನು. ಆನ್ಸಿಸ್ಟ್ರಸ್ ಎಂಬ ಕುಲಕ್ಕೆ, ಲೋರಿಕೇರಿಡೇ ಎಂಬ ಕವಚಧಾರಿ ಬೆಕ್ಕುಮೀನುಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಮೀನುಗಳ ಮೈಮೇಲೆ ಹುರುಪೆಗಳಿಲ್ಲ. ಮೂಳೆಯ ಫಲಕಗಳ ಸಾಲುಗಳಿವೆ. ಫಲಕಗಳ ಮೇಲೆ ಮುಟ್ಟಿದರೆ ಒರಟಾಗಿ ಸಿಗುವ ಸಣ್ಣ ಮುಳ್ಳುಗಳು ರಚನೆಯಲ್ಲಿ ಹಲ್ಲುಗಳೇ, ಚರ್ಮದ ಮೇಲೆ ಹುಟ್ಟಿದ ಹಲ್ಲುಗಳು. ಆನ್ಸಿಸ್ಟ್ರಸ್‌ನಲ್ಲಿ ಎರಡು ಜಾಗಕ್ಕೆ ಮಾತ್ರ ಈ ಕವಚವಿಲ್ಲ: ಮೂತಿಯ ಅಂಚು ಮತ್ತು ಹೊಟ್ಟೆ. ಈ ಮೀನಿನ ಸುದ್ದಿ ಓದಬೇಕಾದವರು ನೆನಪಿಡಬೇಕಾದದ್ದು ಈ ಎರಡು ಜಾಗಗಳನ್ನೇ. ಮೂತಿ ಅದರ ಪ್ರಾಯವನ್ನು ಹೇಳುತ್ತದೆ, ಹೊಟ್ಟೆ ಆರೋಗ್ಯವನ್ನು.

ಮರಿ ಸುಮಾರು ಐದಾರು ಸೆಂಟಿಮೀಟರ್ ಆಗುವವರೆಗೆ ಗಂಡು ಹೆಣ್ಣೆಂದು ಹೇಳುವುದು ಕಷ್ಟ. ಆಮೇಲೆ ಗಂಡಿನ ಮೂತಿಯ ಬರಿಯ ಅಂಚಿನಲ್ಲಿ ಮಾಂಸದ ಕುಡಿಗಳು ಹೊರಟು, ಹಣೆಯ ನಡುವಿಗೂ ಏರುತ್ತವೆ. ವಯಸ್ಸಾದಂತೆ ತುದಿಯಲ್ಲಿ ಕವಲಾಗುತ್ತವೆ. ಹೆಣ್ಣಿಗೆ ಒಂದೋ ಇರುವುದೇ ಇಲ್ಲ, ಇದ್ದರೂ ಅಂಚಿನಲ್ಲಿ ಒಂದು ಸಾಲು ಗಿಡ್ಡ ಕುಡಿಗಳಷ್ಟೆ. ಆಹಾರ ಹುಡುಕಲು ಬೆಕ್ಕುಮೀನುಗಳು ಬಳಸುವ ಮೀಸೆ ಬೇರೆ. ಅದು ಬಾಯಿಯ ಮಗ್ಗುಲಲ್ಲಿ ಗಂಡು ಹೆಣ್ಣು ಎರಡಕ್ಕೂ ಇದೆ. ಹಾಗಾದರೆ ಮೂತಿಯ ಮೇಲಿನ ಈ ಪೊದೆ ಏಕೆ?

1999ರಲ್ಲಿ ಸಬಾಜ್, ಆರ್ಮ್‌ಬ್ರಸ್ಟರ್ ಮತ್ತು ಪೇಜ್ ಎಂಬ ಮೂವರು ಮತ್ಸ್ಯವಿಜ್ಞಾನಿಗಳು ಇದಕ್ಕೊಂದು ಸೊಗಸಾದ ವಿವರಣೆ ಮುಂದಿಟ್ಟರು. ಆನ್ಸಿಸ್ಟ್ರಸ್‌ನಲ್ಲಿ ಮೊಟ್ಟೆ ಕಾಯುವುದು, ಮರಿ ನೋಡಿಕೊಳ್ಳುವುದು ಪೂರ್ತಿ ತಂದೆಯ ಕೆಲಸ. ಗುಹೆಯೊಳಗೆ ಈಗಾಗಲೇ ಮರಿಗಳನ್ನು ಕಾಯುತ್ತಿರುವ ಗಂಡು ನಂಬಿಕಸ್ಥ ಎಂದು ಹೆಣ್ಣು ಎಣಿಸುತ್ತದೆ, ಅಲ್ಲಿಯೇ ತಾನೂ ಮೊಟ್ಟೆ ಇಡಲು ಒಲಿಯುತ್ತದೆ. ಮರಿಗಳಿಲ್ಲದ ಗಂಡಿನ ಮುಖದ ಮೇಲಿನ ಕುಡಿಗಳು ಮಬ್ಬು ಬೆಳಕಿನಲ್ಲಿ ಅಲುಗಾಡುವಾಗ ಮರಿಗಳ ಗುಂಪಿನಂತೆಯೇ ಕಾಣುತ್ತವೆ ಎಂಬುದು ಅವರ ವಾದ. ಇದು ಇನ್ನೂ ಊಹೆಯ ಮಟ್ಟದಲ್ಲಿದ್ದರೂ ಕುಡಿಗಳು ಗಂಡಿಗೆ, ಅದೂ ಪ್ರಾಯದಲ್ಲಿ, ಅದೂ ಮುಖದ ಮೇಲೆಯೇ ಏಕೆ ಎಂಬ ಮೂರೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಕೊಡುತ್ತದೆ.

ಎರಡು ಗಂಡುಗಳನ್ನು ಚಿಕ್ಕ ತೊಟ್ಟಿಯಲ್ಲಿ ಹಾಕಿದರೆ ಜಗಳ ಖಚಿತ. ಕೆನ್ನೆಯ ಪಕ್ಕದಲ್ಲಿ ಮಡಚಿಟ್ಟ ಕೊಕ್ಕೆಯಾಕಾರದ ಮುಳ್ಳುಗಳ ಗೊಂಚಲನ್ನು ಹೊರಕ್ಕೆ ಬಿಡಿಸಿ ಒಂದನ್ನೊಂದು ನೂಕುತ್ತವೆ. ಇಂಥ ಕಾದಾಟದಲ್ಲಿ ಕುಡಿಗಳು ತುಂಡಾಗುವುದುಂಟು, ಮತ್ತೆ ಬೆಳೆಯುವುದೂ ಉಂಟು. ಸೋತ ಗಂಡಿನ ಕುಡಿಗಳು ಸೊರಗಿಯೇ ಇರುತ್ತವೆ ಎಂದು ಬಹುಕಾಲ ಸಾಕಿದವರು ಹೇಳುತ್ತಾರೆ. ಮುಖದ ಕುಡಿಗಳಿಗೆ ಮದ್ದು ಹುಡುಕುವ ಮುನ್ನ ತೊಟ್ಟಿಯಲ್ಲಿ ಎಷ್ಟು ಗಂಡುಗಳಿವೆ, ಎಷ್ಟು ಗುಹೆಗಳಿವೆ ಎಂದು ಲೆಕ್ಕ ಹಾಕುವುದು ಮೇಲು. ಕೆನ್ನೆಯ ಆ ಕೊಕ್ಕೆಗಳಿಂದಾಗಿ ಈ ಮೀನನ್ನು ಬಲೆಯಲ್ಲಿ ಹಿಡಿಯುವುದೂ ತಪ್ಪು. ಸಿಕ್ಕಿಕೊಂಡು ಎಳೆದಾಡಿದರೆ ಗಾಯವಾಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಬೇಕು.

ರಾತ್ರಿಗೊಂದು ಬಣ್ಣ, ಹಗಲಿಗೊಂದು ಕಣ್ಣು

ಬೆಳಿಗ್ಗೆ ದೀಪ ಹಾಕಿದಾಗ ಮೀನು ಬಿಳುಚಿಕೊಂಡು, ಮೈಮೇಲೆ ಮಾಸಲು ಪಟ್ಟೆಗಳೊಂದಿಗೆ ಕಾಣುವುದು ಮತ್ತೊಂದು ಸಾಮಾನ್ಯ ದಿಗಿಲು. ಈ ಮೀನುಗಳ ಚರ್ಮದಲ್ಲಿರುವ ಬಣ್ಣದ ಕೋಶಗಳು ಕತ್ತಲೆಯಲ್ಲಿ, ಹೆದರಿಕೆಯಲ್ಲಿ, ತಳದ ಮರಳಿನ ಬಣ್ಣಕ್ಕೆ ತಕ್ಕಂತೆ ಕುಗ್ಗಿ ಹಿಗ್ಗುತ್ತವೆ. ಬಿಳಿ ಮರಳಿನ ಮೇಲಿರುವ ಮೀನು ತೆಳು ಬಣ್ಣದ್ದಾಗಿಯೂ ಕಪ್ಪು ಕಲ್ಲಿನ ಮೇಲಿರುವುದು ಗಾಢವಾಗಿಯೂ ಕಾಣುತ್ತದೆ. ದೀಪ ಹಾಕಿ ಸ್ವಲ್ಪ ಹೊತ್ತಿನಲ್ಲಿ ಬಣ್ಣ ಮರಳಿದರೆ ಯೋಚಿಸುವಂಥದ್ದೇನೂ ಇಲ್ಲ. ದಿನವಿಡೀ ಬಿಳುಚಿಕೊಂಡೇ ಇದ್ದರೆ, ಅದರ ಜೊತೆಗೆ ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿದ್ದರೆ, ಅಡಗುತಾಣ ಬಿಟ್ಟು ಬಯಲಿನಲ್ಲಿ ಬಿದ್ದಿದ್ದರೆ ಆಗ ನೀರನ್ನು ಪರೀಕ್ಷಿಸಬೇಕು.

ಕಣ್ಣಿನದೂ ಇದೇ ಕಥೆ. ನಮ್ಮ ಕಣ್ಣಿನ ಪಾಪೆ ಬೆಳಕಿಗೆ ಸುತ್ತಲಿಂದಲೂ ಕಿರಿದಾಗುತ್ತದೆ. ಈ ಮೀನಿನಲ್ಲಿ ಮೇಲಿನಿಂದ ಒಂದು ನಾಲಗೆಯಂಥ ಪದರ ಇಳಿದು ಪಾಪೆಯನ್ನು ಮುಚ್ಚುತ್ತದೆ. ಹಗಲಿನಲ್ಲಿ ಕಣ್ಣು ಅರ್ಧಚಂದ್ರದಂತೆ ಸೀಳಿಕೊಂಡು, ರಾತ್ರಿ ಪೂರ್ತಿ ದುಂಡಗೆ ಕಾಣುವುದು ಅದಕ್ಕೇ. ಚಿಂತೆ ಮಾಡಬೇಕಾದದ್ದು ಕಣ್ಣಿನ ಮೇಲೆ ಹಾಲಿನಂಥ ಮಬ್ಬು ಕವಿದಾಗ, ಕಣ್ಣು ಹೊರಕ್ಕೆ ಊದಿಕೊಂಡಾಗ, ಅಥವಾ ಗುಳಿಯೊಳಗೆ ಇಳಿದಾಗ. ಗುಳಿಬಿದ್ದ ಕಣ್ಣು ಬಹಳ ದಿನಗಳ ಉಪವಾಸದ ಇಲ್ಲವೇ ಒಳಗಿನ ಕಾಯಿಲೆಯ ಗುರುತು. ಅದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹೊಟ್ಟೆಯನ್ನು ಮೊದಲೇ ನೋಡಿದ್ದರೆ ತಡವಾಗುತ್ತಿರಲಿಲ್ಲ.

ಹೊಟ್ಟೆಯನ್ನು ಗಾಜಿನ ಈಚೆಯಿಂದ ನೋಡಿ

ಈ ಮೀನು ಸಾಕಿದವರಿಗೆ ಬೇರೆ ಮೀನು ಸಾಕಿದವರಿಗಿಲ್ಲದ ಒಂದು ಅನುಕೂಲವಿದೆ. ಅದು ಗಾಜಿಗೆ ಅಂಟಿ ನಿಂತಾಗ ಹೊಟ್ಟೆ ನೇರ ನಮ್ಮ ಕಣ್ಣೆದುರಿಗೇ ಇರುತ್ತದೆ. ಅಲ್ಲಿ ಕವಚವೂ ಇಲ್ಲ. ಹೊಟ್ಟೆ ಸಮತಟ್ಟಾಗಿ ಅಥವಾ ತುಸು ಉಬ್ಬಾಗಿದ್ದರೆ ಮೀನು ಉಂಡಿದೆ. ಎದೆಯ ರೆಕ್ಕೆಗಳಿಂದ ಹಿಂದಕ್ಕೆ ಗುಂಡಿಬಿದ್ದಿದ್ದರೆ ಅದು ಹಸಿದಿದೆ. ಹಲವು ದಿನ ಹಾಗೆಯೇ ಇದ್ದರೆ ಅದು ಸಾಯುತ್ತಿದೆ. ಬೆನ್ನು ಕವಚದಿಂದಾಗಿ ಎಂದಿನಂತೆಯೇ ದಷ್ಟಪುಷ್ಟವಾಗಿ ಕಾಣುವುದರಿಂದ ಮೇಲಿನಿಂದ ನೋಡುವವರಿಗೆ ಇದು ತಿಳಿಯುವುದೇ ಇಲ್ಲ.

ಉಪವಾಸಕ್ಕೆ ಕಾರಣ ಅಂಗಡಿಯ ಮಾತು: ‘ಸಬ್ ಗಂದಗೀ ಖಾ ಲೇತಾ ಹೈ, ಕುಛ್ ಡಾಲ್ನಾ ನಹೀಂ ಪಡತಾ.’ ಕೊಳೆ ತಿಂದು ಬದುಕುತ್ತದೆ ಎಂಬ ನಂಬಿಕೆ ಪೂರ್ತಿ ಸುಳ್ಳು. ಅದು ತಿನ್ನುವುದು ಕಲ್ಲು, ಗಾಜಿನ ಮೇಲಿನ ಪಾಚಿಯನ್ನು ಮತ್ತು ಆ ಪಾಚಿಯಲ್ಲಿರುವ ಸೂಕ್ಷ್ಮಜೀವಿಗಳನ್ನು. ಬೇರೆ ಮೀನುಗಳ ಹಿಕ್ಕೆಯನ್ನಲ್ಲ. ಹೊಸ ತೊಟ್ಟಿಯ ಪಾಚಿ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಮೇಲೆ ತೇಲುವ ಆಹಾರವನ್ನು ಹಗಲಿನಲ್ಲಿ ಬೇರೆ ಮೀನುಗಳೇ ಮುಗಿಸುತ್ತವೆ. ರಾತ್ರಿ ಹೊರಬರುವ ಬ್ರಿಸಲ್‌ನೋಸ್‌ಗೆ ಬರಿಯ ಗಾಜು.

ಮೇರಿ ಪವರ್ ಎಂಬ ಪರಿಸರ ವಿಜ್ಞಾನಿ ಪನಾಮಾದ ಫ್ರಿಹೋಲೆಸ್ ತೊರೆಯಲ್ಲಿ ಈ ಕುಲದ ಮೀನುಗಳ ಮೇಲೆ ನಡೆಸಿದ ಅಧ್ಯಯನ ಇಲ್ಲಿ ಪಾಠವಾಗುತ್ತದೆ. ಬಿಸಿಲು ಬೀಳುವ ಮಡುಗಳಲ್ಲಿ ಪಾಚಿ ಬೇಗ ಬೆಳೆಯುತ್ತದೆ, ಮರದ ನೆರಳಿನ ಮಡುಗಳಲ್ಲಿ ನಿಧಾನ. ಮೀನುಗಳು ಆ ಲೆಕ್ಕಕ್ಕೆ ತಕ್ಕಂತೆಯೇ ಹಂಚಿಕೊಂಡಿದ್ದವು. ಹೆಚ್ಚು ಪಾಚಿಯಿರುವ ಮಡುವಿನಲ್ಲಿ ಹೆಚ್ಚು ಮೀನು. ಹಾಗಾಗಿ ಎಲ್ಲ ಮಡುಗಳಲ್ಲೂ ಒಂದೊಂದು ಮೀನಿಗೆ ಸಿಗುವ ಪಾಲು ಹೆಚ್ಚುಕಡಿಮೆ ಒಂದೇ ಆಗಿತ್ತು. ಬೇಸಿಗೆಯಲ್ಲಿ ತೊರೆ ಬತ್ತಿದಾಗ, ದಡದ ತೆಳು ನೀರಿನಲ್ಲಿ ಪಾಚಿ ದಟ್ಟವಾಗಿದ್ದರೂ ಹಕ್ಕಿಗಳ ಭಯಕ್ಕೆ ಅವು ಅತ್ತ ಸುಳಿಯುತ್ತಿರಲಿಲ್ಲ. ಬೆಳವಣಿಗೆ ನಿಂತು ಸೊರಗುತ್ತಿದ್ದವು. ಕಾಡಿನ ಮೀನಿಗೂ ಹಸಿವಿನ ಕಾಲ ಇದೆ, ಆದರೆ ಅದಕ್ಕೆ ಹೋಗಲು ಇನ್ನೊಂದು ಮಡುವೂ ಇದೆ. ಎರಡಡಿ ಗಾಜಿನ ತೊಟ್ಟಿಯಲ್ಲಿ ಆ ಇನ್ನೊಂದು ಮಡು ನಾವೇ ಆಗಬೇಕು.

ಅದು ಕಷ್ಟದ ಕೆಲಸವೇನಲ್ಲ. ದೀಪ ಆರಿಸಿದ ಮೇಲೆ ಪಾಚಿಯಿಂದ ಮಾಡಿದ ಮುಳುಗುವ ಬಿಲ್ಲೆ. ವಾರದಲ್ಲಿ ಎರಡು ಮೂರು ಬಾರಿ ಸಿಪ್ಪೆ ತೆಗೆದ ಸೌತೆಕಾಯಿ ಹೋಳು, ತುಸು ಬೇಯಿಸಿದ ಬೀನ್ಸ್ ಇಲ್ಲವೇ ಪಾಲಕ್. ಪೇಟೆಯ ತರಕಾರಿಯ ಮೇಲಿನ ಕೀಟನಾಶಕ ಮೀನಿಗೆ ವಿಷ, ಆದ್ದರಿಂದ ಚೆನ್ನಾಗಿ ತೊಳೆಯದೆ ಹಾಕಬಾರದು. ಮರುದಿನಕ್ಕೆ ಉಳಿದದ್ದನ್ನು ಎತ್ತಿಬಿಡಬೇಕು. ತೊಟ್ಟಿಯಲ್ಲಿ ಮರದ ತುಂಡು ಇರಲೇಬೇಕೆಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಮರ ಕೆರೆಯುವ ಈ ಕುಟುಂಬದ ಮೀನುಗಳ ಕರುಳನ್ನು ಡೊನೊವನ್ ಜರ್ಮನ್ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರ ತಿನ್ನುವುದಕ್ಕೇ ಹೆಸರಾದ ಜಾತಿಗಳು ಕೂಡ ಮರದ ನಾರನ್ನು ಜೀರ್ಣಿಸಿಕೊಳ್ಳಲಾರವು. ಅದು ಕೆಲವೇ ಗಂಟೆಗಳಲ್ಲಿ ಹೊರಬೀಳುತ್ತದೆ. ಮರದ ತುಂಡು ಅಡಗಲು ಒಳ್ಳೆಯದು, ಅದರ ಮೇಲೆ ಬೆಳೆಯುವ ಜೀವಪದರ ಮೇಯಲು ಒಳ್ಳೆಯದು. ಊಟದ ಬದಲಿಗೆ ಅದನ್ನು ಎಣಿಸಬಾರದು.

ಚೆನ್ನಾಗಿ ಉಂಡೂ ಹೊಟ್ಟೆ ಬತ್ತುತ್ತಿದ್ದರೆ, ಹಿಕ್ಕೆ ಬಿಳಿ ದಾರದಂತೆ ನೇತಾಡುತ್ತಿದ್ದರೆ ಕರುಳಿನ ಹುಳವನ್ನೋ ಪರಾವಲಂಬಿಯನ್ನೋ ಶಂಕಿಸಬೇಕು. ಹೊಸದಾಗಿ ತಂದ ಮೀನುಗಳಲ್ಲಿ ಇದು ಹೆಚ್ಚು. ಹೊಟ್ಟೆ ಊದಿದರೆ ಎರಡು ಸಾಧ್ಯತೆ. ಹೆಣ್ಣು ಮೊಟ್ಟೆ ಕಟ್ಟಿದಾಗ ಮೇಲಿನಿಂದ ನೋಡಿದರೆ ಮೈಯ ಎರಡೂ ಬದಿ ಸಮನಾಗಿ ಅಗಲವಾಗಿರುತ್ತವೆ, ಮೀನು ಚುರುಕಾಗಿ ತಿನ್ನುತ್ತಿರುತ್ತದೆ. ನೀರು ತುಂಬಿದ ಊತವಾದರೆ ಹೊಟ್ಟೆ ಬಿಗಿದು, ಮೀನು ಊಟ ಬಿಟ್ಟು, ಕಣ್ಣು ಉಬ್ಬಿರುತ್ತದೆ. ಬೇರೆ ಮೀನುಗಳಲ್ಲಿ ಊತ ಬಂದಾಗ ಹುರುಪೆಗಳು ಎದ್ದು ನಿಲ್ಲುತ್ತವೆ. ಹುರುಪೆಯಿಲ್ಲದ ಇದರಲ್ಲಿ ಆ ಗುರುತು ಸಿಗುವುದಿಲ್ಲ. ಹೊಟ್ಟೆಯ ಚರ್ಮದಲ್ಲಿ, ರೆಕ್ಕೆಯ ಬುಡದಲ್ಲಿ ಕೆಂಪು ಗೆರೆಗಳು ಕಂಡರೆ ನೀರಿನಲ್ಲಿ ಅಮೋನಿಯಾ ಏರಿದೆ ಇಲ್ಲವೇ ರಕ್ತಕ್ಕೆ ಸೋಂಕು ತಗಲಿದೆ.

ಇನ್ನೊಂದು ಸಂದರ್ಭದಲ್ಲಿ ಬತ್ತಿದ ಹೊಟ್ಟೆಯೂ ರೋಗವಲ್ಲ. ಗುಹೆಯಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲನ್ನು ಕಾಯುವ ಗಂಡು ಹೊರಗೆ ಬರುವುದೇ ಅಪರೂಪ. ರೆಕ್ಕೆಯಿಂದ ಗಾಳಿ ಬೀಸುತ್ತ, ಕೆಟ್ಟ ಮೊಟ್ಟೆಗಳನ್ನು ಬಾಯಿಯಿಂದ ತೆಗೆಯುತ್ತ ಇರುತ್ತದೆ. ಸುಮಾರು ಐದು ದಿನಕ್ಕೆ ಮರಿಯೊಡೆದು, ಮತ್ತೊಂದು ವಾರ ಮರಿಗಳು ಹೊಟ್ಟೆಗಂಟಿದ ಹಳದಿ ಚೀಲದ ಮೇಲೆಯೇ ಬದುಕುವಷ್ಟು ಕಾಲ ಈ ತಂದೆಗೆ ಊಟದ ಪರಿವೆಯಿಲ್ಲ. ಕಾಯಿಲೆಯೆಂದು ಅದನ್ನು ಹೊರಗೆಳೆದರೆ ಮೊಟ್ಟೆಗಳು ಹಾಳಾಗುತ್ತವೆ.

ಬಿಳಿ ಚುಕ್ಕೆ ಮತ್ತು ಏದುಸಿರು

ಹೊರಗಿನ ರೋಗಗಳಲ್ಲಿ ಹೆಚ್ಚು ಕಾಣುವುದು ಬಿಳಿ ಚುಕ್ಕೆ. ಅಕ್ವೇರಿಯಂ ಮಂದಿಯ ಮಾತಿನಲ್ಲಿ ‘ಇಕ್’. ಮೈಮೇಲೆ, ರೆಕ್ಕೆಯ ಮೇಲೆ ಸಣ್ಣ ರವೆ ಉದುರಿಸಿದಂತೆ ಚುಕ್ಕೆಗಳು. ಇದು ಒಂದು ಏಕಕೋಶ ಪರಾವಲಂಬಿ. ಚರ್ಮದಡಿ ಬೆಳೆದು, ಉದುರಿ ತಳಕ್ಕೆ ಬಿದ್ದು, ಅಲ್ಲಿ ಒಡೆದು ನೂರಾರಾಗಿ, ಈಜುತ್ತ ಬಂದು ಮತ್ತೆ ಮೀನನ್ನು ಹೊಗುತ್ತದೆ. ಔಷಧ ತಾಗುವುದು ಈಜುವ ಹಂತದಲ್ಲಿ ಮಾತ್ರ. ಚರ್ಮದಡಿ ಇರುವುದಕ್ಕೂ ತಳದ ಗೂಡಿನೊಳಗಿರುವುದಕ್ಕೂ ಅದು ತಾಗುವುದಿಲ್ಲ. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಎರಡೇ ದಿನಕ್ಕೆ ಮದ್ದು ನಿಲ್ಲಿಸಿದರೆ ವಾರದೊಳಗೆ ದುಪ್ಪಟ್ಟಾಗಿ ಬರುತ್ತದೆ. ಮಳೆ ಶುರುವಾಗಿ ನೀರು ತಟ್ಟನೆ ತಣ್ಣಗಾದಾಗ, ಹೊಸ ಮೀನನ್ನು ಬೇರೆ ಇಟ್ಟು ನೋಡದೆ ನೇರ ತೊಟ್ಟಿಗೆ ಬಿಟ್ಟಾಗ ಇದು ಹೆಚ್ಚು. ತಳದಲ್ಲೇ ಬದುಕುವ ಕವಚಮೀನುಗಳಿಗೆ ತಾಮ್ರದ ಔಷಧ, ಮೆಲಕೈಟ್ ಗ್ರೀನ್ ಮೊದಲಾದವು ಸೈರಿಸುವುದು ಕಷ್ಟ. ಬಾಟಲಿಯ ಮೇಲಿನ ಪ್ರಮಾಣ ಈ ಜಾತಿಗೆ ಸರಿಯೇ ಎಂದು ಕೇಳದೆ ಸುರಿಯಬಾರದು.

ಉಸಿರಿನ ಮಾತಿಗೆ ಬಂದರೆ, ಬ್ರಿಸಲ್‌ನೋಸ್‌ಗೆ ಒಂದು ವಿಶೇಷ ಸೌಲಭ್ಯವಿದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಅದು ಮೇಲಕ್ಕೆ ನುಗ್ಗಿ ಗಾಳಿ ನುಂಗುತ್ತದೆ. ಜಠರದ ತೆಳು ಗೋಡೆಯ ರಕ್ತನಾಳಗಳು ಆ ಗಾಳಿಯಿಂದ ಆಮ್ಲಜನಕ ಹೀರುತ್ತವೆ. ಯಾವಾಗಲೋ ಒಮ್ಮೆ ಮೇಲೆ ಹೋಗಿ ಬಂದರೆ ಆತಂಕವಿಲ್ಲ. ಪದೇ ಪದೇ ಹೋಗುತ್ತಿದ್ದರೆ, ಗಾಜಿಗೆ ಅಂಟಿದಲ್ಲೇ ಕಿವಿರು ಪಟಪಟ ಬಡಿಯುತ್ತಿದ್ದರೆ ಅದು ತುರ್ತುಸ್ಥಿತಿ. ಈ ಸೌಲಭ್ಯ ಇಲ್ಲದ ಉಳಿದ ಮೀನುಗಳು ಅಷ್ಟು ಹೊತ್ತಿಗೆ ಮೇಲೆ ಬಾಯಿ ಬಿಡುತ್ತಿರುತ್ತವೆ.

ಮಹಾಪೆಯ ನೀರು, ಮಹಾಪೆಯ ಗಾಳಿ

ಅಕ್ವೇರಿಯಂ ಪುಸ್ತಕಗಳು ಈ ಮೀನಿಗೆ 22ರಿಂದ 27 ಡಿಗ್ರಿ ಸೆಲ್ಸಿಯಸ್ ನೀರು ಸೂಕ್ತ ಎನ್ನುತ್ತವೆ. ಪಾರ್ಸಿಕ್ ಗುಡ್ಡದ ಈಚೆ, ಮಹಾಪೆಯ ಬದಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಮನೆಯೊಳಗಿನ ನೀರೇ 30 ದಾಟುತ್ತದೆ. ಬಿಸಿಯಾದಷ್ಟೂ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ, 30ರಲ್ಲಿ ಸುಮಾರು 7.5. ಅದೇ ಹೊತ್ತಿಗೆ ಮೀನಿಗೆ ಬೇಕಾದ ಆಮ್ಲಜನಕ ಏರುತ್ತದೆ. ಒಣ ಹವೆಯ ಊರುಗಳಲ್ಲಿ ತೊಟ್ಟಿಯ ಮೇಲೆ ಫ್ಯಾನ್ ಇಟ್ಟರೆ ನೀರು ಆವಿಯಾಗಿ ತಂಪಾಗುತ್ತದೆ. ನಮ್ಮ ಕರಾವಳಿಯ ತೇವ ತುಂಬಿದ ಗಾಳಿಯಲ್ಲಿ ಆ ಉಪಾಯ ಅಷ್ಟು ಫಲ ಕೊಡುವುದಿಲ್ಲ. ಕಿಟಕಿಯ ಬಿಸಿಲಿನಿಂದ ತೊಟ್ಟಿಯನ್ನು ಸರಿಸುವುದು, ಮುಚ್ಚಳ ತುಸು ತೆರೆದಿಡುವುದು, ಗಾಳಿಕಲ್ಲು ಎರಡಾಗಿಸುವುದು ಹೆಚ್ಚು ಉಪಯೋಗ.

ಮಹಾಪೆಯ ಕಚೇರಿಗಳಲ್ಲಿರುವ ತೊಟ್ಟಿಗಳ ಕಷ್ಟ ಬೇರೆ. ಸೋಮವಾರದಿಂದ ಶುಕ್ರವಾರದವರೆಗೆ ಏಸಿ ನಡೆದು ನೀರು ತಂಪಾಗಿರುತ್ತದೆ. ಶನಿವಾರ, ಭಾನುವಾರ ಏಸಿ ಬಂದ್. ಮುಚ್ಚಿದ ಗಾಜಿನ ಕಟ್ಟಡ ಬಿಸಿಲಿಗೆ ಕಾಯುತ್ತದೆ. ಸೋಮವಾರ ಬೆಳಿಗ್ಗೆ ಮತ್ತೆ ತಂಪು. ವಾರವಾರವೂ ಹೀಗೆ ಏರಿಳಿಯುವ ಶಾಖ ಮೀನಿನ ರೋಗನಿರೋಧಕ ಶಕ್ತಿಯನ್ನು ಸವೆಸುತ್ತದೆ. ಹೌಸ್‌ಕೀಪಿಂಗ್ ಹುಡುಗನ ಮೇಲೆ ತಪ್ಪು ಹೊರಿಸುವ ಮುನ್ನ ತೊಟ್ಟಿಗೊಂದು ಥರ್ಮಾಮೀಟರ್ ಅಂಟಿಸಿ ಸೋಮವಾರ ಬಂದ ಕೂಡಲೇ ನೋಡುವುದು ನ್ಯಾಯ.

ಇನ್ನು ನಲ್ಲಿ ನೀರು. ನವಿ ಮುಂಬಯಿ ಮಹಾನಗರಪಾಲಿಕೆಗೆ ತನ್ನದೇ ಆದ ಮೋರ್ಬೆ ಅಣೆಕಟ್ಟಿದೆ. ಖಾಲಾಪುರ ಕಡೆಯ ಧಾವರಿ ನದಿಯ ಆ ನೀರು ಭೋಕರ್‌ಪಾಡಾದಲ್ಲಿ ಶುದ್ಧವಾಗಿ ಬರುತ್ತದೆ. ಎಂಐಡಿಸಿಯ ಕೈಗಾರಿಕೆಗಳಿಗೆ ಬದ್ಲಾಪುರದ ಆಚೆಯ ಬಾರವಿ ಅಣೆಕಟ್ಟಿನ ನೀರು. ಶೀಳ್‌ಫಾಟಾದ ಆಚೆ ಕಲ್ಯಾಣ–ಡೊಂಬಿವಲಿಗೆ ಉಲ್ಹಾಸ್ ನದಿಯದು. ಮೂರೂ ಮಳೆಯ ಮೃದು ನೀರೇ, ಬ್ರಿಸಲ್‌ನೋಸ್‌ಗೆ ಒಗ್ಗುವಂಥದ್ದೇ. ತೊಂದರೆ ಇರುವುದು ಅದರಲ್ಲಿ ಬೆರೆಸುವ ಕ್ಲೋರಿನ್‌ನಲ್ಲಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಸಿಹಿನೀರಿನ ಜಲಚರಗಳಿಗೆ ಅಲ್ಪಾವಧಿಯಲ್ಲೂ ಮೀರಬಾರದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಾಕಿದ ಮಿತಿ 0.019 ಮಿಲಿಗ್ರಾಂ. ನಮ್ಮನ್ನು ಕಾಯಿಲೆಯಿಂದ ಕಾಯುವ ಕನಿಷ್ಠ ಪ್ರಮಾಣವೇ ಮೀನಿನ ಗರಿಷ್ಠ ಮಿತಿಯ ಹತ್ತು ಪಟ್ಟು. ಮಳೆಗಾಲದಲ್ಲಿ ನೀರು ಕೆಂಪಾಗಿ ಬಂದಾಗ ಕ್ಲೋರಿನ್ ಇನ್ನೂ ಹೆಚ್ಚಿರಬಹುದು. ಸೊಸೈಟಿಯ ಓವರ್‌ಹೆಡ್ ಟ್ಯಾಂಕಿನಲ್ಲಿ ಒಂದಿಷ್ಟು ಕ್ಲೋರಿನ್ ಹಾರಿಹೋಗುತ್ತದೆ ನಿಜ, ಅದನ್ನೇ ನಂಬಿ ಕೂರುವಂತಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ದ್ರಾವಣದ ಕೆಲವು ಹನಿಗಳು ಕ್ಲೋರಿನ್ನನ್ನು ಆಗಿಂದಾಗಲೇ ನಿಷ್ಕ್ರಿಯಗೊಳಿಸುತ್ತವೆ.

ಕ್ಲೋರಿನ್ ಕಿವಿರನ್ನು ಸುಡುವುದಷ್ಟೇ ಅಲ್ಲ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಮೀನಿನ ಮೂತ್ರ, ಉಳಿದ ಊಟದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಅಷ್ಟು ಹಾನಿಯಿಲ್ಲದ ನೈಟ್ರೇಟ್ ಆಗಿ ಬದಲಿಸುವುದು ಈ ಬ್ಯಾಕ್ಟೀರಿಯಾಗಳೇ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಫಿಲ್ಟರನ್ನು ನಲ್ಲಿಯ ಕೆಳಗೆ ಪಳಪಳ ತೊಳೆದ ಮೂರನೇ ದಿನಕ್ಕೆ ಮೀನು ಏದುಸಿರು ಬಿಡಲು ಕಾರಣ ಇದೇ. ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಸ್ಪಂಜನ್ನು ಹಿಂಡಬೇಕು.

ನೀರಿನ ಕೊರತೆಯಾಗಿ ಟ್ಯಾಂಕರ್ ಬಂದ ದಿನವೂ ಎಚ್ಚರ ಬೇಕು. ಬೋರ್‌ವೆಲ್‌ನಿಂದ ತುಂಬಿದ ನೀರು ಗಡಸಾಗಿ, ಪಿಎಚ್ ಮಟ್ಟ ಹೆಚ್ಚಿರಬಹುದು. ಪಿಎಚ್ 7ರಲ್ಲಿ ಅಮೋನಿಯಾದ ಬಹುಪಾಲು ನಿರುಪದ್ರವಿ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಬಹಳ ದಿನ ನೀರು ಬದಲಿಸದ ತೊಟ್ಟಿಗೆ ಒಮ್ಮೆಗೇ ಅರ್ಧ ತೊಟ್ಟಿ ಟ್ಯಾಂಕರ್ ನೀರು ಸುರಿದರೆ ‘ಸ್ವಚ್ಛ ಮಾಡಿದ ದಿನವೇ ಮೀನು ಸತ್ತಿತು’ ಎಂಬ ಒಗಟು ಹುಟ್ಟುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸುವ ಮನೆಗಳಲ್ಲಿ ಈ ಒಗಟಿಗೆ ಜಾಗವಿಲ್ಲ.

ನೀರಿನಷ್ಟೇ ಗಾಳಿಯೂ ಮುಖ್ಯ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಸೊಳ್ಳೆಬತ್ತಿ, ಪ್ಲಗ್‌ಗೆ ಸಿಕ್ಕಿಸುವ ಲಿಕ್ವಿಡ್, ಜಿರಳೆ ಸ್ಪ್ರೇ, ಇವುಗಳಲ್ಲಿರುವ ಪೈರೆತ್ರಾಯ್ಡ್ ಗುಂಪಿನ ರಾಸಾಯನಿಕಗಳು ಮನುಷ್ಯರಿಗಿಂತ ಮೀನುಗಳಿಗೆ ಬಹಳ ಹೆಚ್ಚು ವಿಷಕಾರಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಮಳೆಗಾಲದಲ್ಲಿ ಸೊಸೈಟಿಗೆ ಫಾಗಿಂಗ್ ಬಂಡಿ ಬಂದಾಗ ತೊಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಹೊಗೆ ಕರಗುವವರೆಗೆ ಪಂಪ್ ನಿಲ್ಲಿಸಬೇಕು. ಸೊಳ್ಳೆ ಲಿಕ್ವಿಡನ್ನು ತೊಟ್ಟಿಯಿರುವ ಕೋಣೆಯಿಂದಲೇ ಹೊರಗಿಡಬೇಕು.

ಇದೇ ಮಳೆಗಾಲ ಬ್ರಿಸಲ್‌ನೋಸ್‌ಗೆ ಹಬ್ಬವೂ ಹೌದು. ತನ್ನ ತವರಿನ ತೊರೆಗಳಲ್ಲಿ ಮಳೆಯ ತಂಪು ನೀರು ನುಗ್ಗಿದಾಗ ಅದು ಮೊಟ್ಟೆಯಿಡುತ್ತದೆ. ಸಾಕುವವರು ತುಸು ತಣ್ಣನೆಯ ನೀರನ್ನು ಬದಲಿಸಿ ಅದೇ ಸೂಚನೆ ಕೊಡುತ್ತಾರೆ. ಜೂನ್‌ನಲ್ಲಿ ಮುಂಗಾರು ಹಿಡಿದು, ಮೇ ತಿಂಗಳ ಬಿಸಿ ನೀರು ಎರಡು ಮೂರು ಡಿಗ್ರಿ ಇಳಿದ ಮೇಲೆ ಗಂಡು ಗುಹೆ ಬಿಟ್ಟು ಕದಲದಿದ್ದರೆ ಟಾರ್ಚ್ ಹಿಡಿದು ಒಳಗೆ ಇಣುಕಿ ನೋಡಿ, ಆಮೇಲೆ ವೈದ್ಯಕ್ಕೆ ಇಳಿಯಿರಿ.

ಮದ್ದಿಗೆ ಮೊದಲು

ಮೀನಿನ ಮೈಯಲ್ಲಿ ಏನೇ ಬದಲಾವಣೆ ಕಂಡರೂ ಅದನ್ನು ಓದುವುದಕ್ಕೆ ಒಂದು ಕ್ರಮವಿದೆ. ಮೊದಲು ಹೊಟ್ಟೆ, ಆಮೇಲೆ ಉಸಿರು, ಆಮೇಲೆ ಕಣ್ಣು ಮತ್ತು ರೆಕ್ಕೆ. ಬಣ್ಣ, ಮೂತಿ ಕೊನೆಗೆ. ಮೊದಲ ಮೂರರಲ್ಲಿ ತೊಂದರೆ ಕಂಡರೆ ಅಮೋನಿಯಾ, ನೈಟ್ರೈಟ್, ಪಿಎಚ್ ಅಳೆಯುವ ಹನಿ ಪರೀಕ್ಷೆ ಮಾಡಿ. ಅಮೋನಿಯಾ, ನೈಟ್ರೈಟ್ ಸೊನ್ನೆಯಿರಬೇಕು. ಇಲ್ಲದಿದ್ದರೆ ಕ್ಲೋರಿನ್ ತೆಗೆದ ನೀರಿನಿಂದ ಕಾಲು ಭಾಗ ಬದಲಿಸಿ, ಗಾಳಿಕಲ್ಲು ಹೆಚ್ಚಿಸಿ, ಒಂದು ದಿನ ಊಟ ನಿಲ್ಲಿಸಿ. ಬಹಳಷ್ಟು ‘ರೋಗಗಳು’ ಇಷ್ಟರಲ್ಲೇ ಗುಣವಾಗುತ್ತವೆ. ನೀರು ಸರಿಯಿದ್ದೂ ಲಕ್ಷಣ ಉಳಿದರೆ ಆ ಮೀನನ್ನು ಬೇರೆ ತೊಟ್ಟಿಗೆ ಹಾಕಿ ಅಲ್ಲಿ ಮಾತ್ರ ಔಷಧ ಕೊಡಬೇಕು. ಮುಖ್ಯ ತೊಟ್ಟಿಗೆ ಸುರಿದ ಮದ್ದು ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನೂ ಕೊಂದು, ಒಂದು ಮೀನಿನ ಕಾಯಿಲೆಯನ್ನು ಇಡೀ ತೊಟ್ಟಿಗೆ ಹರಡಿಸುತ್ತದೆ.

ಕೊಳ್ಳುವಾಗಲೂ ಇದೇ ಕ್ರಮ ಸಾಕು. ಕುರ್ಲಾದಲ್ಲಿ ಕೊಳ್ಳಿ, ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಕೊಳ್ಳಿ, ಮೀನು ಗಾಜಿಗೆ ಅಂಟಿದಾಗ ಹೊಟ್ಟೆ ನೋಡಿ ಆರಿಸಿ. ಅಂಗಡಿಯವರು ‘ಸಕ್ಕರ್’ ಎಂದು ಕೊಡುವ ಅಗ್ಗದ ಮರಿ ಬಹಳ ಸಲ ಬ್ರಿಸಲ್‌ನೋಸ್ ಆಗಿರುವುದೇ ಇಲ್ಲ. ಅದೇ ಕುಟುಂಬದ ಟೆರಿಗೋಪ್ಲಿಕ್ತಿಸ್ ಆಗಿರುತ್ತದೆ. ಬೆನ್ನ ಮೇಲಿನ ರೆಕ್ಕೆಯಿಂದ ಗುರುತು ಹಿಡಿಯಬಹುದು: ಟೆರಿಗೋಪ್ಲಿಕ್ತಿಸ್‌ನದು ದೊಡ್ಡ ಪಟದಂತೆ ಹತ್ತಕ್ಕೂ ಹೆಚ್ಚು ಕಡ್ಡಿಗಳದ್ದು, ಬ್ರಿಸಲ್‌ನೋಸ್‌ನದು ಚಿಕ್ಕದು. ಬ್ರಿಸಲ್‌ನೋಸ್ 12ರಿಂದ 15 ಸೆಂಟಿಮೀಟರಿಗೆ ನಿಂತು, ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತದೆ. ಅದರ ನೆಂಟ 40 ಸೆಂಟಿಮೀಟರ್ ದಾಟುತ್ತದೆ. ಆಗ ‘ಪಾಪ, ಜಾಗ ಸಾಲದು’ ಎಂದು ಜನ ಅದನ್ನು ಹತ್ತಿರದ ಕೆರೆಗೋ ತಲಾವಿಗೋ ಬಿಟ್ಟು ಬರುತ್ತಾರೆ.

ಆ ಕರುಣೆಯ ಬೆಲೆ ದೊಡ್ಡದು. ಕವಚದ ಈ ಮೀನನ್ನು ತಿನ್ನುವ ಪ್ರಾಣಿ ನಮ್ಮ ಕೆರೆಗಳಲ್ಲಿ ಕಡಿಮೆ. ಗಾಳಿ ನುಂಗಿ ಕೊಳಕು ನೀರಿನಲ್ಲೂ ಬದುಕುತ್ತದೆ, ದಡದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ, ಮುಳ್ಳುಗಳಿಂದ ಬೆಸ್ತರ ಬಲೆ ಹರಿಯುತ್ತದೆ. ಕೇರಳ, ತಮಿಳುನಾಡು, ಆಂಧ್ರದ ಜಲಮೂಲಗಳಲ್ಲಿ, ಪೂರ್ವ ಕೋಲ್ಕತಾದ ಮೀನುಕೊಳಗಳಲ್ಲಿ ಅದು ಬೇರೂರಿದೆ. 2020ರಲ್ಲಿ ವಾರಾಣಸಿಯ ಗಂಗೆಯಲ್ಲೂ ಸಿಕ್ಕಿತು. ಮೆಕ್ಸಿಕೋದ ಬೆಸ್ತರು ಇದನ್ನು ದೆವ್ವದ ಮೀನು ಎಂದೇ ಕರೆಯುತ್ತಾರೆ. ಸಾಕಲಾಗದಿದ್ದರೆ ಅಂಗಡಿಗೆ ಮರಳಿಸಿ, ದೊಡ್ಡ ತೊಟ್ಟಿಯಿರುವವರಿಗೆ ಕೊಡಿ, ಕೆರೆಗೆ ಮಾತ್ರ ಬಿಡಬೇಡಿ. ಇದು ಕಾಯಿಲೆ ಬಿದ್ದ ಬ್ರಿಸಲ್‌ನೋಸ್‌ಗೂ ಅನ್ವಯಿಸುವ ಮಾತು. ತೊಟ್ಟಿಯ ರೋಗ ಕೆರೆಗೆ ಹೋದ ಮೇಲೆ ಅಲ್ಲಿ ಕಾಲು ಭಾಗ ನೀರು ಬದಲಿಸುವವರು ಯಾರೂ ಇಲ್ಲ.